ಬೀರು ಗೌಡನ ಕೋವಿ, ಮಂಗೇಶನ ಹಾರ್ನು

ಅಗಸೂರಿನಲ್ಲಿ ಬೀರು ಗೌಡನ ಮನೆ ಕಟ್ಟಕಡೆಯದು. ಅದರಾಚೆ ಗದ್ದೆ, ಗದ್ದೆಯಾಚೆ ಕಾಡು. ಹಂದಿ ಊರೊಳಗೆ ಬರುವುದಿದ್ದರೆ ಮೊದಲು ಇವನನ್ನು ಮಾತಾಡಿಸಿಕೊಂಡೇ ಬರಬೇಕು. ಮಕ್ಕಳಿರಲಿಲ್ಲ. ಹೆಂಡತಿ ಗಂಗೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸದ್ದು ಮಾಡುವುದೆಂದರೆ ಬಾವಿಯ ರಾಟೆ. ಅದು ಬಿಟ್ಟರೆ ಗೋಡೆಗೆ ತೂಗುಹಾಕಿದ ಅಪ್ಪನ ಕಾಲದ ಕೋವಿ. ಬೆಳೆ ಕಾಯುವುದಕ್ಕೆಂದು ಸರ್ಕಾರ ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೋವಿ ಅದು. ಭತ್ತ ತೆನೆ ಬಿಟ್ಟ ದಿನಗಳಲ್ಲಿ ಸಂಜೆಗೊಂದು ಸಲ ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸುತ್ತಿದ್ದ. ಹಂದಿ ಹೆದರಿ ಓಡುತ್ತಿದ್ದವು. ಬೀರು ಇನ್ನೂ ಬದುಕಿದ್ದಾನೆ ಎಂದು ಊರಿಗೂ ತಿಳಿಯುತ್ತಿತ್ತು.

ಆ ಲೈಸೆನ್ಸಿನ ಅರ್ಜಿ ಬರೆದುಕೊಡುತ್ತಿದ್ದವನು ನಾನು. ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ನಲವತ್ತು ವರ್ಷ ಈ ಭಾಗದ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋದವು, ಒಂದೂ ತಪ್ಪೆಂದು ತಿರುಗಿ ಬರಲಿಲ್ಲ. ಹಾಗಾಗಿ ಬೀರುವಿನ ಸಂಗತಿ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಅವನದೊಂದು ಪದ್ಧತಿ ಇತ್ತು. ಕೋವಿ ಹಿಡಿದು ಮನೆಯಿಂದ ಹೊರಬಿದ್ದರೆ, ಎದುರು ಬಂದ ಪೊಲೀಸರಿಗೆ ಅವರು ಕೇಳುವ ಮೊದಲೇ ಹೇಳಿಬಿಡುತ್ತಿದ್ದ: "ಒಡ್ಯಾ, ನನ್ನ ಹತ್ರ ಕೋವಿ ಅದೆ. ಲೈಸೆನ್ಸೂ ಅದೆ. ಮದ್ದು ತುಂಬಲಿಲ್ಲ." ಈ ಮೂರು ಮಾತು, ಇದೇ ಕ್ರಮದಲ್ಲಿ. ಖಾಕಿ ಕಂಡರೆ ಸಾಕು. ಒಮ್ಮೆ ಪೋಸ್ಟಮನ್ನನಿಗೂ ಹೇಳಿದಾಗ ಆತ ಸೈಕಲ್ಲಿನಿಂದ ಇಳಿದು ಕೈಯೆತ್ತಿ ನಿಂತಿದ್ದ.

ಈ ಪದ್ಧತಿ ಅವನ ಅಪ್ಪ ಪುಟ್ಟು ಗೌಡನಿಂದ ಬಂದದ್ದು. ಆತ ಒಮ್ಮೆ ಕೋವಿಯ ಕುದುರೆ, ಎಂದರೆ ಮದ್ದಿಗೆ ಬಡಿಯುವ ಕೀಲು, ರಿಪೇರಿ ಮಾಡಿಸಿಕೊಂಡು ಗಾಡಿಯಲ್ಲಿ ಹುಲ್ಲಿನಡಿ ಇಟ್ಟು ತರುತ್ತಿದ್ದ. ದಾರಿಯಲ್ಲಿ ಪೊಲೀಸರಿಗೆ ನಳಿಗೆಯ ತುದಿ ಕಂಡಿತು. ಲೈಸೆನ್ಸು ಮನೆಯ ಪೆಟ್ಟಿಗೆಯಲ್ಲಿತ್ತು. ಅದನ್ನು ತಂದು ತೋರಿಸುವುದರೊಳಗೆ ಎರಡು ದಿನ ಠಾಣೆಯಲ್ಲಿ ಕೂರಬೇಕಾಯಿತು. ಆ ಎರಡೇ ದಿನದಲ್ಲಿ ಹಂದಿಗಳು ವರ್ಷದ ಅನ್ನವನ್ನು ಮಗುಚಿ ಹಾಕಿದ್ದವು. "ಕೋವಿ ಅವರ ಕಣ್ಣಿಗೆ ಬೀಳೂಕೆ ಮುಂಚೆ ನಿನ್ನ ಬಾಯಿಂದ ಬರ್ಬೇಕು, ತಮಾ. ಕಣ್ಣಿಗೆ ಬಿದ್ಮೇಲೆ ಹೇಳಿದ್ದೆಲ್ಲ ಸುಳ್ಳಿನ ಲೆಕ್ಕಕ್ಕೇ ಹೋತದೆ" ಎಂದು ಸಾಯುವವರೆಗೂ ಮಗನಿಗೆ ಹೇಳುತ್ತಿದ್ದ.

ಬೀರುವಿನ ಮನೆ ಬಾಗಿಲಿಗೆ ಬರುತ್ತಿದ್ದ ಒಬ್ಬನೇ ಒಬ್ಬ ಜನವೆಂದರೆ ಅಮದಳ್ಳಿಯ ಮಂಗೇಶ ಹರಿಕಂತ್ರ. ಹಳೇ ರಾಜದೂತ ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವವನು. ಓಣಿಯ ಬಾಯಲ್ಲಿ ಮೂರು ಸಲ ಹಾರ್ನು ಹೊಡೆಯುತ್ತಿದ್ದ. ಅದನ್ನು ಕೇಳಿದ ಮೇಲೆಯೇ ಬೀರು ಚಾ ನೀರಿಡುತ್ತಿದ್ದ. ವರ್ಷವಿಡೀ ಮಂಗೇಶ ಮೀನು ಕೊಡುವುದು, ಹೊಸ ಅಕ್ಕಿ ಬಂದಾಗ ಬೀರು ಅವನ ಪೆಟ್ಟಿಗೆ ತುಂಬ ಅಕ್ಕಿ ಸುರಿಯುವುದು, ಇಷ್ಟೇ ಅವರ ವ್ಯವಹಾರ.

"ಬೀರಣ್ಣಾ, ನಿನ್ನೆ ನಿನ್ನ ಕೋವಿ ಕೂಗಿದ್ದಂತೆ, ಹಂದಿಗೋ, ನಂಗೋ?"

"ನಿಂಗೇ. ಮೀನು ಕಾಣ್ದೆ ಎರಡು ದಿನ ಆತು."

"ಮೀನಿಲ್ಲ ಅಂತ ಗುಂಡು ಹಾರ್ಸೂದಾ? ನನ್ನ ಹೆಂಡ್ತಿನೂ ಇಷ್ಟು ಮಾಡೂದಿಲ್ಲ ಮಾರಾಯಾ."

ಇಂಥ ಮಾತಿಗೆ ಬೀರು ನಗುತ್ತಿರಲಿಲ್ಲ. ಆದರೆ ಮಂಗೇಶ ಹೋದ ಮೇಲೆ ಬಾವಿಕಟ್ಟೆಯಲ್ಲಿ ಒಬ್ಬನೇ ನಗುವುದನ್ನು ನಾನು ಓಣಿಯಿಂದ ಕಣ್ಣಾರೆ ಕಂಡಿದ್ದೇನೆ.

ಎರಡು ಸಾವಿರದ ಐದನೇ ಇಸವಿ, ಗದ್ದೆ ಕೊಯ್ಲು ಮುಗಿದ ದಿನಗಳು. ಲೈಸೆನ್ಸ್ ನವೀಕರಿಸಲು ಬೀರು ಕೋವಿಯ ಸಮೇತ ಕಾರವಾರಕ್ಕೆ ಹೋಗಬೇಕಿತ್ತು. "ಬಸ್ಸೆಂತಕ್ಕೆ? ನನ್ನ ಬೈಕ್ ಅದೆ" ಎಂದು ಮಂಗೇಶ ಕರೆದೊಯ್ದ. ಬೀರು ಕಚೇರಿಯಲ್ಲಿ ಸರತಿಗೆ ಕೂತಿದ್ದಾಗ ಮಂಗೇಶ ತನಗೆ ಗೋವೆ ಗಡಿಯ ಮಾಜಾಳಿಯಲ್ಲಿ ಕೆಲಸವಿದೆಯೆಂದು ಹೋಗಿ, ಮೂರು ಗಂಟೆಗೆ ತಿರುಗಿ ಬಂದ. ಮುದ್ರೆ ಬಿದ್ದಿತ್ತು. ಬೀರು ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಮಂಗೇಶನ ಬೆನ್ನಿಗೂ ಮೀನಿನ ಪೆಟ್ಟಿಗೆಗೂ ನಡುವೆ ತುರುಕಿಕೊಂಡು ಕೂತ. ಅಮದಳ್ಳಿ ದಾಟುವಾಗ ಮಂಗೇಶ ತಿರುಗದೆಯೇ ಹೇಳಿದ:

"ಬೀರಣ್ಣಾ, ಇವತ್ತೊಂದಿನ ಕೋವಿ ಸುದ್ದಿ ತೆಗಿಬೇಡ. ಸುಮ್ಮನೆ ಕೂತ್ಕಾ."

"ಎಂತಕ್ಕೆ?"

"ಎಂತಕ್ಕೂ ಇಲ್ಲ. ಹೊತ್ತಾತದೆ."

ಅಷ್ಟೇ ಹೇಳಿದ. ಕಾರಣ ಹೇಳಿದ್ದರೆ ಬೀರು ಕೇಳುತ್ತಿದ್ದನೋ ಏನೋ.

ನೌಕಾನೆಲೆಯ ಕೆಲಸ ಶುರುವಾದಾಗಿನಿಂದ ಹೆದ್ದಾರಿಯಲ್ಲಿ ತಪಾಸಣೆ ಜಾಸ್ತಿ. ಅವರ್ಸಾದ ಬಳಿ ಪೊಲೀಸರು ನಿಂತಿದ್ದರು. ಅವರಲ್ಲಿ ಒಬ್ಬ ಮಂಗೇಶನ ಗಿರಾಕಿ.

"ಏ ಮಂಗೇಶಾ, ಬಂಗಡೆ ಉಂಟೇನೋ?"

"ಖಾಲಿ ಸಾಹೇಬ್ರೆ. ನಾಳೆ ತತ್ತೆ."

ಪೊಲೀಸಿನವನು ಹೋಗು ಎಂದು ಕೈಬೀಸಿದ. ಮಂಗೇಶ ಗೇರು ಹಾಕಿದ. ಗಾಡಿ ಎರಡು ಮಾರು ಮುಂದೆ ಹೋಗಿಯೂ ಇತ್ತು. ಹಿಂದಿನಿಂದ ಬೀರು ದೊಡ್ಡ ಗಂಟಲಿನಲ್ಲಿ ಕೂಗಿದ:

"ಒಡ್ಯಾ, ನಿಂತ್ಕಳಿ! ನನ್ನ ಹತ್ರ ಕೋವಿ ಅದೆ. ಲೈಸೆನ್ಸೂ ಅದೆ. ಮದ್ದು ತುಂಬಲಿಲ್ಲ!"

ಇಬ್ಬರನ್ನೂ ಇಳಿಸಿದರು. ಕೋವಿಯ ನಂಬರು ನೋಡಿದರು, ಹೊಸ ಮುದ್ರೆ ನೋಡಿದರು. ಎಲ್ಲ ಸರಿಯಿತ್ತು. "ಎಲ್ರೂ ಹೀಗೆ ಮೊದಲೇ ಹೇಳಿದ್ರೆ ನಮಗೆ ಎಷ್ಟು ಹಗುರ" ಎಂದು ಸಾಹೇಬರು ಹೊಗಳಿ ಎರಡೂ ಕೈಯಲ್ಲಿ ಕೋವಿ ತಿರುಗಿ ಕೊಟ್ಟರು. ಬೀರುವಿನ ಎದೆ ಉಬ್ಬಿತು. ಆದರೆ ಕೋವಿ ಇದ್ದ ಗಾಡಿಯೆಂದ ಮೇಲೆ ಪೂರ್ತಿ ನೋಡಲೇಬೇಕಲ್ಲ. ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಒದ್ದೆ ಗೋಣಿಯ ಅಡಿಯಲ್ಲಿ ಗೋವೆಯ ನಾಲ್ಕು ಬಾಟಲಿಗಳು.

ಪರವಾನಗಿ ಇಲ್ಲದೆ ಗೋವೆಯ ಮದ್ಯ ಗಡಿ ದಾಟಿಸುವುದು ತಪ್ಪೆಂದು ಇಲ್ಲಿ ಗೊತ್ತಿಲ್ಲದವರಿಲ್ಲ. ಕೇಸಾಯಿತು, ಬೈಕು ಜಪ್ತಾಯಿತು. ಮಂಗೇಶ ಬೀರುವನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಪೊಲೀಸರ ಜೀಪು ಹತ್ತುವಾಗ ಕಂಬಳಿ ಸುತ್ತಿದ ಕೋವಿಯನ್ನು ಮಾತ್ರ ಒಂದು ಸಲ ನೋಡಿದನಂತೆ.

ಆಮೇಲೆ ಓಣಿಯಲ್ಲಿ ಹಾರ್ನು ಕೇಳಲಿಲ್ಲ. ಬೈಕಿಲ್ಲದ ಮಂಗೇಶ ಬುಟ್ಟಿ ಹೊತ್ತು ಬಸ್ಸಿನಲ್ಲಿ ಅಂಕೋಲೆ ಪೇಟೆಗೆ ಹೋಗಿ ಅಲ್ಲಿಂದಲೇ ತಿರುಗುತ್ತಿದ್ದ. ಬೀರು ಒಂದು ದಿನ ಪೇಟೆಗೆ ಹೋದ. ಅಲ್ಲಿ ಸಿಕ್ಕಿದ್ದು ಮಂಗೇಶನ ಹೆಂಡತಿ ದುರ್ಗಾ. ಅವಳು ತಾರ್ಲೆ ಮೀನಿನ ಮೇಲಿನ ನೊಣ ಅಟ್ಟುತ್ತ, ಮುಖ ಎತ್ತದೆ ಹೇಳಿದಳು:

"ಗೌಡ್ರೆ, ಆ ನಾಲ್ಕರಾಗೆ ಒಂದು ಯಾರಿಗೆ ಅಂತ ಗೊತ್ತುಂಟಾ? ನಿಮ್ಮ ಅಪ್ಪನ ಎಡೆಗೆ. ದೀಪಾವಳಿಲಿ ನೀವೇ ಹೇಳಿದ್ರಂತೆ."

ಹೌದು, ಹೇಳಿದ್ದ. ಹಿರಿಯರಿಗೆ ಎಡೆ ಇಡುವ ದಿನ ಅಪ್ಪನ ಎಲೆಗೆ ಒಂದು ಗುಟುಕು ಒಳ್ಳೇದು ಸಿಕ್ಕಿದ್ದರೆ ಎಂದು ಚಾ ಕುಡಿಯುವಾಗ ಬಾಯಿಗೆ ಬಂದದ್ದು ಅಂದು ಬಿಟ್ಟಿದ್ದ. ಅವನು ಮರೆತಿದ್ದ, ಮಂಗೇಶ ಮರೆತಿರಲಿಲ್ಲ. ಪೊಲೀಸರ ಮುಂದೆಯೂ ಅದನ್ನು ಬಾಯಿ ಬಿಡಲಿಲ್ಲ.

ಬೀರು ಅಲ್ಲಿಂದಲೇ ಅಮದಳ್ಳಿಗೆ ಹೋದ. ಮಂಗೇಶ ಕಡಲ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ. ಇವನನ್ನು ಕಂಡು ಎದ್ದು ಹೋಗಲಿಲ್ಲ. ಬೆನ್ನು ತಿರುಗಿಸಿ ಕೂತು ಹೊಲಿಗೆ ಮುಂದುವರಿಸಿದ. ಬೀರು ಹೊತ್ತು ಬಾಡುವ ತನಕ ಮರಳಿನಲ್ಲಿ ಕೂತಿದ್ದು ಎದ್ದು ಬಂದ.

ಮುಂದಿನ ಮೂರು ಬೆಳೆಗೆ ಅಗಸೂರಿನಲ್ಲಿ ಕೋವಿಯ ಸದ್ದಿಲ್ಲ. ಹಂದಿ ಬಂದರೆ ಡಬ್ಬ ಬಡಿಯುತ್ತಿದ್ದ. "ಕೋವಿ ಕೂಗಿದ್ರೆ ಕೇಳೂರು ಯಾರು?" ಎನ್ನುತ್ತಿದ್ದ. ಎರಡು ಸಾವಿರದ ಎಂಟರಲ್ಲಿ ಮತ್ತೆ ಅರ್ಜಿ ಬರೆಸಲು ಬಂದಾಗ ನಾನೇ ಹೇಳಿದೆ:

"ಬೀರು, ಹಾರಿಸೂದಿಲ್ಲ ಎಂತದಿಲ್ಲ. ಸರ್ಕಾರಕ್ಕೆ ಒಪ್ಪಿಸಿಬಿಡು."

"ಕೊಟ್ಬಿಟ್ರೆ ಗೋಡೆ ಮೇಲೆ ಎಂತ ನೋಡೂದು?" ಎಂದ. ನಾನು ಅರ್ಜಿ ಬರೆದೆ.

ಈ ಸಲ ಅಂಕೋಲೆಯಿಂದ ಬಸ್ಸು. ಹತ್ತುವಾಗಲೇ ಕಂಡಕ್ಟರನಿಗೆ ಹೇಳಿದ. ಆತ ಕಾಗದ ತಿರುಗಿಸಿ ನೋಡಿ, ಗೊಣಗಿ, ಕಟ್ಟಕಡೆಯ ಸೀಟು ತೋರಿಸಿದ. ಅಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಮುಂದೆ ಹೋದರು. ಅಷ್ಟು ಉದ್ದದ ಸೀಟಿನಲ್ಲಿ ಬೀರು ಒಬ್ಬನೇ. ಬಸ್ಸು ಹೊರಡುವ ಹೊತ್ತಿಗೆ ಖಾಲಿ ಬುಟ್ಟಿ ಹಿಡಿದು ಹತ್ತಿದವನು ಮಂಗೇಶ. ಹಿಂದೆ ಒಂದು ಸಲ ನೋಡಿದ, ನೋಡಿ ಮುಂದಿನ ಸೀಟಿನಲ್ಲಿ ಕೂತ. ತಲೆ ನರೆತಿತ್ತು. ಅವರ್ಸಾದವರೆಗೂ ಬೀರು ಆ ತಲೆಯನ್ನೇ ನೋಡುತ್ತಿದ್ದ.

ಅದೇ ಜಾಗ, ಮತ್ತೆ ತಪಾಸಣೆ. ಪೊಲೀಸಿನವನೊಬ್ಬ ಬಸ್ಸು ಹತ್ತಿದ. ಹೊಸ ಹುಡುಗ. ಬೀರು ಸರಳು ಹಿಡಿದು ಎದ್ದ. ಬಾಯಿ ತೆರೆದ. ಆಯುಷ್ಯದಲ್ಲಿ ಮೊದಲ ಸಲ ಆ ಮೂರು ಮಾತು ಹೊರಬೀಳಲಿಲ್ಲ. ಮಂಗೇಶನ ಹಿಂದಲೆ ಎದುರಿಗಿದ್ದಾಗ ಅದನ್ನು ಹೇಗೆ ಹೇಳುವುದು?

ಆಗ ಮುಂದಿನ ಸೀಟಿನಿಂದ, ತಿರುಗದೆಯೇ, ಮಂಗೇಶ ಹೇಳಿದ:

"ಸಾಹೇಬ್ರೆ, ಹಿಂದೆ ಬೀರು ಗೌಡ ಅಂತ ಅವ್ರೆ, ಅಗಸೂರಿನವ್ರು. ಅವರ ಹತ್ರ ಕೋವಿ ಅದೆ. ಲೈಸೆನ್ಸೂ ಅದೆ. ಮದ್ದು ತುಂಬಲಿಲ್ಲ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಪೊಲೀಸಿನವನು ಕಾಗದ ನೋಡಿ ವಾಪಸು ಬರುವಾಗ ಮಂಗೇಶನನ್ನು ಕೇಳಿದ:

"ನಿಮ್ಮ ಪೈಕಿಯವರಾ?"

ಮಂಗೇಶ ಖಾಲಿ ಬುಟ್ಟಿ ನೋಡಿಕೊಂಡ. "ಮೊದಲು ಮೀನು ಕೊಡ್ತಿದ್ದೆ" ಎಂದ.

ಅಮದಳ್ಳಿಯಲ್ಲಿ ಇಳಿದು ಹೋದ. ಹಿಂದೆ ನೋಡಲಿಲ್ಲ.

ಮರುದಿನ ಬೀರು ನನ್ನ ಜಗಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದ. "ಬೀರಣ್ಣ ಅನ್ನಲಿಲ್ಲ, ಅವ್ರೆ ಅಂದ, ಪರರಿಗೆ ಅಂದಂಗೆ" ಎಂದ. ಆಮೇಲೆ, "ಆದ್ರೆ ಮೂರೂ ಹೇಳ್ದ. ಒಂದೂ ಬಿಡಲಿಲ್ಲ" ಎಂದ. ಅಣಕಿಸಿದ್ದೋ, ಕೈಹಿಡಿದದ್ದೋ ಎಂದು ನನ್ನನ್ನು ಕೇಳಿದ. ನನಗೆ ಅರ್ಜಿ ಬರೆಯಲು ಗೊತ್ತು, ಇದು ಗೊತ್ತಾಗಲಿಲ್ಲ.

ಮರುವರ್ಷ ಭತ್ತ ತೆನೆ ಬಿಟ್ಟಾಗ ಸಂಜೆಗೆ ಕೋವಿ ಮತ್ತೆ ಕೂಗಿತು. ಅಮದಳ್ಳಿ ಎಲ್ಲಿ, ಅಗಸೂರು ಎಲ್ಲಿ. ಕೇಳುವ ದೂರವಲ್ಲ, ಅದು ಅವನಿಗೂ ಗೊತ್ತು. ಕೋವಿ ಹಾರಿಸಿದ ಮೇಲೆ ಈಗಲೂ ಅವನು ಒಂದಷ್ಟು ಹೊತ್ತು ಓಣಿಯ ಕಡೆಗೆ ಕಿವಿಕೊಟ್ಟು ನಿಂತು, ಆಮೇಲೆ ಗದ್ದೆಯ ಕಡೆಗೆ ತಿರುಗುತ್ತಾನೆ.