ಫಾರ್ಮಿನಲ್ಲಿಲ್ಲದ ಪ್ರಶ್ನೆ

ಗಲಗಲಿ ಕಡೆಯ ಊರುಗಳಲ್ಲಿ ಯಾರಾದರೂ ತೀರಿಕೊಂಡ ಮೂರು ತಿಂಗಳಿಗೆ, ಮಾತಾಡಿಸಲು ನೆಂಟರು ಬರುವುದೆಲ್ಲ ನಿಂತ ಮೇಲೆ, ಸರ್ವೆ ಸತ್ಯಕ್ಕ ಬರುತ್ತಾಳೆ. ಸಾವಿನ ಕಾರಣ ಕೇಳಿ ಸರ್ಕಾರಕ್ಕೆ ಬರೆದುಕೊಳ್ಳುವುದು ಅವಳ ಕೆಲಸ. ಹೆಗಲಿಗೆ ಚೀಲ, ಕೈಯಲ್ಲಿ ಹತ್ತು ಪುಟದ ಫಾರ್ಮು. “ಎದಿ ನೋವು ಎಷ್ಟ್ ದಿನ ಇತ್ರಿ? ಶುಗರ್ ಇತ್ತೇನ್ರಿ? ತಂಬಾಕ ತಿಂತಿದ್ರೇನ್ರಿ?” ಎಂದು ಪೊಲೀಸರ ಹಾಗೆ ಗದರಿ ಕೇಳುತ್ತಾಳೆ. ಮನೆಗಳನ್ನು ಗುರುತಿಸುವುದೂ ಸಾವಿನ ಕಾರಣದಿಂದಲೇ: ಇದು ಹಾರ್ಟು, ಅದು ಕಿಡ್ನಿ, ಮೂಲೆಯದು ಬೈಕು. “ಮೊದಲ ವಾಂತಿಭೇದಿ ಒಯ್ತಿತ್ತು, ಈಗ ಎಲ್ಲಾರ್ನೂ ಹಾರ್ಟ್ ಒಯ್ಯಾಕತ್ತೈತಿ” ಎನ್ನುತ್ತಾಳೆ. ಆದರೂ ಜನ ಅವಳ ದಾರಿ ಕಾಯುತ್ತಾರೆ. ಹೋದವರ ಸುದ್ದಿಯನ್ನು ಅಷ್ಟು ದಿನದ ಮೇಲೆ ಬೇರೆ ಯಾರು ಕೇಳುತ್ತಾರೆ? ಕೊನೆಗೆ ಪೆನ್ನು ಮುಚ್ಚಿ, ಫಾರ್ಮಿನಲ್ಲಿಲ್ಲದ ಒಂದು ಪ್ರಶ್ನೆ ಕೇಳುತ್ತಾಳೆ: “ಅವರಿಗೆ ಊಟಕ್ಕೇನ್ ಸೇರತಿತ್ರಿ?” ಆಗ ಮಾತು ಬಿಸಿ ರೊಟ್ಟಿ, ಕೆನೆಮೊಸರು, ಅಗಸಿ ಹಿಂಡಿಯಂಥ ಚಟ್ನಿಪುಡಿಗೆ ಇಳಿದು, ಅಳುತ್ತಿದ್ದವರು ನಕ್ಕು, ಸತ್ಯಕ್ಕನ ಬಸ್ಸು ತಪ್ಪುತ್ತದೆ. ಈ ವರ್ಷ ಅವಳ ಗಂಡ ಗಿರಮಲ್ಲಪ್ಪನೂ ಹಾರ್ಟಿನಿಂದಲೇ ಹೋದ. ಸ್ವಂತ ಮನೆಯ ಫಾರ್ಮನ್ನು ತಾನೇ ತುಂಬುವಂತಿಲ್ಲ. ಮೂರು ತಿಂಗಳು ಕಾದಳು. ಜಮಖಂಡಿಯಿಂದ ಬಂದ ಹೊಸ ಹುಡುಗಿ ಹತ್ತೇ ನಿಮಿಷದಲ್ಲಿ ಎಲ್ಲ ಬರೆದುಕೊಂಡು, “ಆತ್ರಿ ಅಕ್ಕಾರ” ಎಂದು ಎದ್ದಳು. ಸತ್ಯಕ್ಕ ಅವಳ ಚೀಲದ ಪಟ್ಟಿ ಹಿಡಿದುಕೊಂಡಳು. “ಕುಂಡ್ರವಾ. ಊಟಕ್ಕೇನ್ ಸೇರತಿತ್ತು, ಅದನ್ನೊಂದ್ ಕೇಳು.”