ಅಕ್ಕನ ಎರಡು ಹೊತ್ತಿನ ಮಾತ್ರೆ

ಮೊನ್ನೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದು ನಮ್ಮ ಹಳೇ ಬೀದಿಗೆ ತಿರುಗಿದೆ. ಬೆಂದ ರೇಷ್ಮೆಗೂಡಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಹೊಸಬರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಪಕ್ಕದ ಮನೆಯ ಅಕ್ಕ ನೆನಪಾಗಿ ಕಣ್ಣು ತುಂಬಿಬಂತು...

ಅಕ್ಕ, ಭಾವ ಇಬ್ಬರೂ ಮನೆಯಲ್ಲೇ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಅಕ್ಕ ಭೇದಿಯಾಗಿ ಕಡ್ಡಿಯಂತಾದಾಗ ಇಬ್ಬರಿಗೂ ಎಚ್‌ಐವಿ ಎಂದು ಗೊತ್ತಾಯಿತು. ಅದರ ಮಾತ್ರೆ ಕೊಂಡು ತಿನ್ನುವ ಶಕ್ತಿ ನಮ್ಮ ಬೀದಿಯಲ್ಲಿ ಯಾರಿಗಿತ್ತು? ಪುಣ್ಯಕ್ಕೆ ಅಷ್ಟರಲ್ಲಿ ಸರ್ಕಾರ ಪುಕ್ಕಟೆ ಕೊಡಲು ಶುರುಮಾಡಿತ್ತು. ಹೆಸರು ಬರೆಸಿ, ಪ್ರತಿ ತಿಂಗಳೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಅಕ್ಕನ ಜೊತೆ ನಾನು ಹೋಗುತ್ತಿದ್ದೆ. ಭಾವ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

"ಅಲ್ಲಿ ನಮ್ಮೂರೋರು ಯಾರಾದ್ರೂ ನೋಡಿದ್ರೆ? ಆಮೇಲೆ ನನ್ನ ನೂಲು ಯಾರಮ್ಮಾ ಮುಟ್ತಾರೆ?" ಎನ್ನುತ್ತಿದ್ದರು.

ಪ್ರತಿ ಸಲ ಹಳೇ ಡಬ್ಬಿ ತೋರಿಸಬೇಕಿತ್ತು. ಮಾತ್ರೆ ಉಳಿದಿದ್ದರೆ ಬೈಗುಳ. ಅಕ್ಕನ ಡಬ್ಬಿಯಲ್ಲಿ ಒಂದೂ ಉಳಿಯುತ್ತಿರಲಿಲ್ಲ. ನರ್ಸಮ್ಮ ಹೊಗಳಿದರೆ ಅಕ್ಕ ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಅಂದುಕೊಂಡೆ, ದಡ್ಡಿ ನಾನು.

ಚೇತರಿಸಿಕೊಂಡಿದ್ದವಳು ವರ್ಷದೊಳಗೆ ಮತ್ತೆ ಬಾಡಿದಳು. ಮಾತ್ರೆ ತಪ್ಪಿಸುತ್ತಿದ್ದೀಯಾ ಎಂದು ಡಾಕ್ಟರು ಗದರಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದಳು.

"ಬೆಳಗಿಂದು ನಾನು, ರಾತ್ರಿದು ಅವ್ರು ಕಣಮ್ಮಾ. ಅವ್ರಿಗೂ ಅದೇ ಕಾಯಿಲೆ ತಾನೇ? ಎದುರಿಗೆ ಕೂತಿರೋರನ್ನ ಬಿಟ್ಟು ನಾನೊಬ್ಳೇ ಹೆಂಗೆ ನುಂಗ್ಲಿ?"

"ಅಯ್ಯೋ ನಿನ್ನ! ಅದೇನು ಮುದ್ದೇನಾ ಅಕ್ಕಾ, ಮುರಿದು ಹಂಚ್ಕೊಳ್ಳೋಕೆ!" ಎಂದು ರೇಗಿಬಿಟ್ಟೆ. ಹಾಗೆ ರೇಗಬಾರದಿತ್ತು.

ಅರ್ಧ ಔಷಧಿಗೆ ರೋಗ ಬಗ್ಗುವುದಿಲ್ಲ, ಔಷಧಿಗೇ ಒಗ್ಗಿಹೋಗುತ್ತದೆ ಎಂದು ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಬೇರೆ ಥರದ ಮಾತ್ರೆ ಇತ್ತು, ಆದರೆ ಆಗ ಅದು ಪುಕ್ಕಟೆ ಇರಲಿಲ್ಲ. ಮುಂದಿನ ಯುಗಾದಿಗೆ ಅಕ್ಕ ಇರಲಿಲ್ಲ...

ತಿಥಿ ಮುಗಿದ ವಾರಕ್ಕೆ ಭಾವ ನಮ್ಮ ಬಾಗಿಲಿಗೆ ಬಂದು, "ನನ್ನೂ ಕರ್ಕೊಂಡೋಗಮ್ಮಾ" ಎಂದರು. ಕರೆದುಕೊಂಡು ಹೋದೆ. ಅರ್ಧ ಔಷಧಿ ತಿಂದಿದ್ದ ಅವರಿಗೂ ಬೇಕಾಗಿದ್ದ ಆ ಬೇರೆ ಥರದ ಮಾತ್ರೆ ಆಮೇಲೆ ಪುಕ್ಕಟೆಯಾಯಿತು. ಭಾವ ಉಳಿದರು.

ಮೊನ್ನೆ ಬಾಗಿಲು ತೆರೆದವರು ಅವರೇ. ಕೂದಲು ನೆರೆತಿದೆ, ಮೈಕೈ ತುಂಬಿಕೊಂಡಿದ್ದಾರೆ. "ಒಂದು ಹೊತ್ತೂ ತಪ್ಪಿಸಲ್ಲ ಕಣಮ್ಮಾ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಬಂದುಬಿಡೋಣ ಅನ್ನಿಸಿತು. ಆದರೆ ಅಕ್ಕ ತನ್ನ ಪಾಲು ಕೊಟ್ಟು ಉಳಿಸಿಕೊಂಡದ್ದು ಇವರೊಬ್ಬರನ್ನೇ... ಅವರು ಕೊಟ್ಟ ಕಾಫಿ ಕುಡಿದು ಬಂದೆ.