ಬಾಯ್ಲರ್ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತವನು

ನನ್ನ ಸೋದರಮಾವನಿಗೆ ಲಾಂಡ್ರಿಯಲ್ಲಿ ಎಲ್ಲರೂ ಇಟ್ಟ ಹೆಸರು ‘ಆಗಲಿ’. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಉತ್ತರ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ‘ತಪ್ಪಾಯ್ತು’ ಎನ್ನುವವನೂ ಅವನೇ. “ಇಂಥ ಬಾಯಿ ಸತ್ತವನನ್ನ ನಮ್ಮವ್ವ ಯಾವ ಗಳಿಗೇಲಿ ಹೆತ್ತಳೋ!” ಎಂದು ಅವನ ಅಕ್ಕ, ಅಂದರೆ ನನ್ನಮ್ಮ, ಹಣೆ ಚಚ್ಚಿಕೊಳ್ಳುತ್ತಿದ್ದಳು. ಊರಿನವರಿಗೆ ಮಾತ್ರ ಅವನು ದೇವರಂಥ ಮನುಷ್ಯ. ಆ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ.

ನಾವು ಕೆಲಸಕ್ಕಿದ್ದುದು ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿಯಲ್ಲಿ. ಅಮ್ಮ, ನಾನು, ಉಳಿದ ಹೆಂಗಸರು ಇಸ್ತ್ರಿ ಕೋಣೆಯಲ್ಲಿ. ಗೋಡೆಯಾಚೆ ಬಾಯ್ಲರ್, ಅದರ ಪಕ್ಕ ಸ್ಟೂಲಿನ ಮೇಲೆ ಮಾವ. ನಮ್ಮ ಯಂತ್ರಗಳಿಗೆ ಬೇಕಾದ ಹಬೆ ಅಲ್ಲಿಂದಲೇ ಕೊಳವೆಗಳಲ್ಲಿ ಬರಬೇಕು. ಬಾಯ್ಲರಿನ ನೆತ್ತಿಯ ಮೇಲೊಂದು ವಾಲ್ವ್. ಒಳಗೆ ಹಬೆ ಮಿತಿ ಮೀರಿದರೆ ಅದರ ಉದ್ದನೆಯ ಹಿಡಿ ಮೇಲೆದ್ದು, ಹೆಚ್ಚಾದದ್ದು ಕಿರುಚುತ್ತ ಹೊರಗೆ ಹೋಗುತ್ತದೆ. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವುದೂ ಇದಕ್ಕೇ. ನಮ್ಮ ಬಾಯ್ಲರ್ ಹಳೆಯದು. ಬಟ್ಟೆಯ ರಾಶಿ ಹೆಚ್ಚಾದಂತೆ ಅದು ಮೇಲಿಂದ ಮೇಲೆ ಕೂಗತೊಡಗಿತು, ಕೂಗಿದಾಗಲೆಲ್ಲ ನಮ್ಮ ಯಂತ್ರಗಳು ತಣ್ಣಗಾದವು. ಇದರಿಂದ ರೋಸಿಹೋದ ಮಾಲೀಕರು ಮೂಲೆಯಲ್ಲಿ ಬಿದ್ದಿದ್ದ ಹಳೇ ಇಸ್ತ್ರಿಪೆಟ್ಟಿಗೆಯನ್ನು ತಂತಿ ಕಟ್ಟಿ ಆ ಹಿಡಿಗೆ ತೂಗುಹಾಕಿಸಿದರು, ಅದು ಮೇಲೇಳದಂತೆ.

“ಇದು ಹೀಗೇ ಇರಲಿ, ಮುಟ್ಟಬೇಡ.”

“ಆಗಲಿ ಸಾರ್,” ಅಂದ ಮಾವ.

ಸೀಟಿ ನಿಂತಿತು. ಕಿವಿಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಬರಬರುತ್ತ ನಡುಗೋಡೆಗೆ ಕೈಯಿಟ್ಟರೆ ಒಳಗೇನೋ ಗುಂಯ್‌ಗುಡುವುದು ತಿಳಿಯುತ್ತಿತ್ತು. ಕಿಟಕಿಯಲ್ಲಿಟ್ಟ ಲೋಟದ ನೀರು ತನ್ನಷ್ಟಕ್ಕೆ ಅಲುಗುತ್ತಿತ್ತು. ಗೋಡೆಯ ಸುಣ್ಣ ಹಕ್ಕಳೆ ಎದ್ದು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿತು. ಹೆಂಗಸರು ಗುಸುಗುಸು ಶುರುಮಾಡಿದರು. ಮಾಲೀಕರು ನಡುಬಾಗಿಲು ತೆರೆದು ಮಾವನನ್ನು ತೋರಿಸಿದರು.

“ಅಪಾಯ ಇದ್ದಿದ್ರೆ ಅವನು ಹಾಗೆ ಕೂರ್ತಿದ್ನಾ? ನೋಡಿ, ಕಣ್ಣು ಮುಚ್ಕೊಂಡು ದೇವರನ್ನ ನೆನೀತಾ ಇದ್ದಾನೆ. ಅವನ ನಂಬಿಕೇಲಿ ಕಾಲು ಭಾಗ ನಿಮಗಿದ್ರೆ ಸಾಕಾಗಿತ್ತು.”

ನೋಡಿದೆವು. ಮಾವ ಕೈಕಟ್ಟಿ ಕೂತಿದ್ದ, ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಅಷ್ಟೇ ಸಾಕಾಯಿತು, ಎಲ್ಲರ ಗುಸುಗುಸುವೂ ಅಡಗಿತು. ನಮ್ಮ ಜೊತೆಗಿದ್ದ ತುಂಬು ಬಸುರಿಯೊಬ್ಬಳು ಸೊಂಟನೋವಿಗೆ ಬಿಸಿ ತಾಗಲಿ ಎಂದು ಆ ಗೋಡೆಗೇ ಒರಗಿ ಊಟಕ್ಕೆ ಕೂರತೊಡಗಿದಳು.

ಒಂದು ರಾತ್ರಿ ಮನೆಯಲ್ಲಿ ಅಮ್ಮ ತಟ್ಟೆಗೆ ಬಡಿಸುವುದನ್ನು ಬಿಟ್ಟು ಮಾವನನ್ನು ಕೇಳಿದಳು. “ನಿಜ ಹೇಳೋ. ಆ ಬಾಯ್ಲರ್ ತಡೆಯುತ್ತಾ?”

“ದೇವರು ನೋಡ್ಕೋತಾನೆ ಅಕ್ಕಾ.”

“ನೀನು ನೋಡ್ಕೊಳ್ಳಲಿ ಅಂತ್ಲೇ ಆ ದೇವರು ನಿನ್ನನ್ನ ಅಲ್ಲಿ ಕೂರಿಸಿರೋದು! ನಿನಗೆ ಭಯ ಆಗಲ್ವಾ?”

ಮಾವ ತಲೆ ತಗ್ಗಿಸಿದ. “ಆಗುತ್ತೆ. ಕಣ್ಣು ಮುಚ್ಕೊಳ್ಳೋದು ಅದಕ್ಕೇ.”

ಅಮ್ಮ ಸೌಟನ್ನು ಪಾತ್ರೆಯಲ್ಲಿಟ್ಟು ಅವನೆದುರು ಕೂತಳು. ನಾವೆಲ್ಲ ನಂಬಿಕೆ ಎಂದುಕೊಂಡು ನೆಮ್ಮದಿಯಿಂದಿದ್ದುದು ಒಬ್ಬ ಮನುಷ್ಯನ ಹೆದರಿಕೆಯನ್ನು ನೋಡಿಕೊಂಡು.

“ನಿನ್ನ ಮುಖ ನೋಡ್ಕೊಂಡು ಆ ಬಸುರಿ ಗೋಡೆಗೆ ಒರಗಿ ಕೂರ್ತಾಳೆ ಕಣೋ,” ಅಂದಳು ಅಮ್ಮ, ಮೆಲ್ಲಗೆ. ಮಾವ ಕೈ ತೊಳೆದು ಎದ್ದುಹೋದ.

ಮರುದಿನ ಊಟದ ಹೊತ್ತಿಗೆ ಮುಂಚೆಯೇ ಬಾಯ್ಲರ್ ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತು. ಮಾವ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಓಡಿಬಂದ ಮಾಲೀಕರು ಮತ್ತೆ ಕಟ್ಟು ಎಂದರು.

“ಆಗಲ್ಲ ಸಾರ್.”

ಆ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಧ್ವನಿ ನಡುಗುತ್ತಿತ್ತು, ಕಣ್ಣು ಮಾತ್ರ ತೆರೆದಿತ್ತು. ಆಮೇಲೆ ನಮ್ಮ ಕಡೆ ತಿರುಗಿದ. “ನಾನು ಧೈರ್ಯವಾಗಿ ಕೂತಿರಲಿಲ್ಲ ಕಣ್ರಮ್ಮಾ, ಹೆದರ್ಕೊಂಡು ಕೂತಿದ್ದೆ. ನನ್ನ ನೋಡ್ಕೊಂಡು ನೀವು ಇಲ್ಲಿರಬೇಡಿ.”

ಮಾಲೀಕರು ನಕ್ಕುಬಿಟ್ಟರು. “ಪಾಪ, ತಲೆ ಕೆಟ್ಟಿದೆ,” ಎಂದು ಅವನನ್ನು ಆ ಗಳಿಗೆಯಲ್ಲೇ ಕೆಲಸದಿಂದ ಬಿಡಿಸಿದರು. ಅವನ ಹಿಂದೆ ಹೊರಟವರು ಅಮ್ಮ, ನಾನು, ಇಬ್ಬರೇ. ಉಳಿದವರನ್ನು ನಾನು ಬಯ್ಯಲಾರೆ, ಒಲೆ ಎಲ್ಲರ ಮನೆಯಲ್ಲೂ ಉರಿಯಬೇಕು. ಮಾವ ಬಾಯ್ಲರ್ ತಪಾಸಣೆ ಮಾಡುವ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಟ್ಟ. ‘ಬಂದು ನೋಡ್ತೀವಿ’ ಅಂದರಂತೆ. ಇನ್ನೂ ಬಂದಿಲ್ಲ. ಬಾಯ್ಲರ್ ಪಕ್ಕ ಈಗ ಹೊಸಬನಿದ್ದಾನೆ. ಇಸ್ತ್ರಿಪೆಟ್ಟಿಗೆ ಮತ್ತೆ ತನ್ನ ಜಾಗಕ್ಕೆ ಏರಿದೆ.

ಮಾವ ದಿನಾ ಬೆಳಿಗ್ಗೆ ಲಾಂಡ್ರಿಯ ಗೇಟಿನ ಹೊರಗೆ ನಿಲ್ಲುತ್ತಾನೆ. ಒಳಗೆ ಹೋಗುವ ಒಬ್ಬೊಬ್ಬರಿಗೂ ಕೈಮುಗಿಯುತ್ತಾನೆ. “ಹೋಗಬೇಡಿ ತಾಯೀ, ದಮ್ಮಯ್ಯ.” ಕೆಲವರು ಮುಖ ತಿರುಗಿಸುತ್ತಾರೆ. ಕೆಲವರು ‘ಏನಪ್ಪಾ ಆಗಲಿ, ಇವತ್ತೂ ಡ್ಯೂಟೀನಾ?’ ಎಂದು ಕಿಚಾಯಿಸುತ್ತಾರೆ. ಇವತ್ತು ಅವನ ಜೊತೆಗೆ ನಾನೂ ನಿಂತಿದ್ದೆ. ಆ ಬಸುರಿ ಹುಡುಗಿ ಊಟದ ಡಬ್ಬಿ ಹಿಡಿದುಕೊಂಡು ಬಂದಳು. ಮಾವ ಅಡ್ಡ ನಿಂತ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಮಗುವನ್ನು ಸಮಾಧಾನ ಮಾಡುವ ಹಾಗೆ ನಕ್ಕಳು.

“ಅಷ್ಟು ದಿನ ನೀವೇ ಅದರ ಪಕ್ಕ ಕೂತಿದ್ರಲ್ಲ ಅಣ್ಣಾ. ಏನಾಯ್ತು ಹೇಳಿ?”

ಮಾವ ಮತ್ತೆ ಕೈಮುಗಿದ. ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾವಿಬ್ಬರೂ ಗೇಟಿನ ಬಳಿ ಕಿವಿಗೊಟ್ಟು ನಿಂತಿದ್ದೇವೆ. ಬಟ್ಟೆಯ ಗಾಡಿಗಳು ಬಂದಿಳಿದಿವೆ, ಕೊಳವೆಗಳು ಬಿಸಿಯೇರಿವೆ. ಸೀಟಿ ಮಾತ್ರ ಕೂಗುತ್ತಿಲ್ಲ.